ಡಿಎಫ್‌ಪಿ: ಒಂದು ಗ್ರಾಂ ವಿಷದ ವೃತ್ತಾಂತ

ಡೈಐಸೊಪ್ರೊಪಿಲ್ ಫ್ಲೋರೋಫಾಸ್ಫೇಟ್ ಎಂಬ ಉದ್ದನೆಯ ಹೆಸರಿನ ರಾಸಾಯನಿಕವನ್ನು ಪ್ರಯೋಗಾಲಯದವರು ಡಿಎಫ್‌ಪಿ ಎಂದೇ ಕರೆಯುತ್ತಾರೆ. ಜೀವರಸಾಯನ ಸಂಶೋಧನೆಗೆಂದು ಮಾರಾಟವಾಗುವ ಸಾವಯವ ರಂಜಕ ಸಂಯುಕ್ತ ಇದು. ಬಣ್ಣವಿಲ್ಲದ ದ್ರವ, ನೀರಿಗಿಂತ ತುಸು ಭಾರ, ಕುದಿಯಲು ಸುಮಾರು 183 ಡಿಗ್ರಿ ಸೆಲ್ಸಿಯಸ್ ಬೇಕು. ಅಪಾಯ ತರಲು ಮಾತ್ರ ಅದು ಕುದಿಯಬೇಕಾಗಿಲ್ಲ. ಕೋಣೆಯ ಉಷ್ಣತೆಯಲ್ಲೇ ಸಾಕಷ್ಟು ಆವಿಯಾಗುತ್ತದೆ. ಮೂಗಿಗೆ ಎಚ್ಚರಿಕೆ ಕೊಡುವಂಥ ವಾಸನೆ ಇಲ್ಲ. ಉಸಿರು, ಚರ್ಮ, ಕಣ್ಣು, ಬಾಯಿ, ಯಾವ ದಾರಿಯಿಂದಲಾದರೂ ಮೈ ಸೇರುತ್ತದೆ. ಇಲಿಗಳಲ್ಲಿ ಮಾರಕ ಪ್ರಮಾಣ ದೇಹದ ಒಂದು ಕಿಲೋ ತೂಕಕ್ಕೆ ಕೆಲವೇ ಮಿಲಿಗ್ರಾಂ.

ಅಣುವಿನ ರಚನೆಯಲ್ಲಿ ಗೋಜಲೇನೂ ಇಲ್ಲ. ನಡುವೆ ಒಂದು ರಂಜಕ ಪರಮಾಣು. ಅದಕ್ಕೆ ಒಂದು ಆಮ್ಲಜನಕ, ಒಂದು ಫ್ಲೋರಿನ್ ಮತ್ತು ಎರಡು ಐಸೊಪ್ರೊಪಾಕ್ಸಿ ಗುಂಪುಗಳು. ಅಣುತೂಕ 184. ರಂಜಕಕ್ಕೂ ಫ್ಲೋರಿನ್‌ಗೂ ನಡುವಿನ ಬಂಧದಲ್ಲಿ ಇಡೀ ಕಥೆ ಅಡಗಿದೆ. ಇದೇ ಕುಟುಂಬದ ಒಂದು ಕವಲಿನಲ್ಲಿ ಸರಿನ್, ಟಬುನ್‌ಗಳಂಥ ಯುದ್ಧವಿಷಗಳಿವೆ. ಇನ್ನೊಂದರಲ್ಲಿ ಪ್ಯಾರಾಥಿಯಾನ್, ಮೊನೊಕ್ರೋಟೊಫಾಸ್, ಕ್ಲೋರ್‌ಪೈರಿಫಾಸ್‌ಗಳಂಥ ಹೊಲದ ಔಷಧಿಗಳಿವೆ. ಡಿಎಫ್‌ಪಿ ಸರಿನ್‌ಗಿಂತ ಹಲವು ಪಟ್ಟು ದುರ್ಬಲ. ಹಾಗೆಂದು ಸಮಾಧಾನಪಡುವಂತಿಲ್ಲ. ಸರಿನ್ ಇರುವುದು ಬಿಗಿ ಕಾವಲಿನಲ್ಲಿ. ಡಿಎಫ್‌ಪಿ ಇರುವುದು ವಿದ್ಯಾರ್ಥಿಗಳು ಓಡಾಡುವ ಪ್ರಯೋಗಾಲಯದ ಫ್ರಿಜ್ಜಿನಲ್ಲಿ.

ಇದು ಮೈಯೊಳಗೆ ಮಾಡುವ ಕೆಲಸ ಒಂದೇ, ಅದನ್ನು ಎಲ್ಲ ಕಡೆಯೂ ಮಾಡುತ್ತದೆ. ನರದ ತುದಿಯಿಂದ ಸ್ನಾಯುವಿಗೋ ಗ್ರಂಥಿಗೋ ಸುದ್ದಿ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ವಸ್ತು. ನರಗಳ ಈ ರಾಸಾಯನಿಕ ಸಂದೇಶವನ್ನು ಕಂಡುಕೊಂಡದ್ದಕ್ಕೆ ಹೆನ್ರಿ ಡೇಲ್ ಮತ್ತು ಆಟೊ ಲೋವಿ 1936ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಸುದ್ದಿ ಮುಟ್ಟಿದ ಕೂಡಲೇ ಅಸಿಟೈಲ್‌ಕೋಲಿನ್ ಅಳಿಯಬೇಕು. ಇಲ್ಲವಾದರೆ ಸ್ನಾಯು ಸಡಿಲುವುದೇ ಇಲ್ಲ. ಅಳಿಸುವ ಹೊಣೆ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ್ದು. ಒಂದೊಂದು ಕಿಣ್ವದ ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯುತ್ತದೆ. ಅದರ ಕ್ರಿಯಾಸ್ಥಾನದಲ್ಲಿ ಸೆರೀನ್ ಎಂಬ ಅಮೈನೊ ಆಮ್ಲವಿದೆ. ಡಿಎಫ್‌ಪಿ ಬಂದು ಫ್ಲೋರಿನ್ ಅನ್ನು ಬಿಟ್ಟುಕೊಟ್ಟು, ತನ್ನ ರಂಜಕದ ಭಾಗವನ್ನು ಆ ಸೆರೀನ್‌ಗೆ ಅಂಟಿಸಿಬಿಡುತ್ತದೆ. ಅಲ್ಲಿಗೆ ಕಿಣ್ವದ ಕೆಲಸ ನಿಂತಿತು. ಅಳಿಯದ ಸಂದೇಶಗಳು ಮೈತುಂಬ ರಾಶಿ ಬೀಳುತ್ತವೆ.

ಈ ಗುಣ ಮೊದಲು ಕಣ್ಣಿಗೆ ಬಿದ್ದದ್ದು ಬರ್ಲಿನ್‌ನಲ್ಲಿ. 1932ರಲ್ಲಿ ವಿಲ್ಲಿ ಲಾಂಗೆ ಮತ್ತು ಅವರ ವಿದ್ಯಾರ್ಥಿನಿ ಗೆರ್ಡಾ ಫಾನ್ ಕ್ರೂಗರ್ ಇದೇ ವರ್ಗದ, ಡಿಎಫ್‌ಪಿಗಿಂತ ಚಿಕ್ಕ ಅಣುಗಳನ್ನು ತಯಾರಿಸಿದರು. ಆವಿ ಸೋಕಿದ ಕೆಲವು ನಿಮಿಷಗಳಲ್ಲಿ ಗಂಟಲು ಬಿಗಿಯಿತು, ಉಸಿರು ಕಟ್ಟಿತು, ಕಣ್ಣು ಮಂಜಾಯಿತು, ಬೆಳಕು ನೋಡಿದರೆ ನೋವು. ರಸಾಯನ ವಿಜ್ಞಾನದ ಪ್ರಬಂಧದಲ್ಲಿ ಅವರು ಈ ಅನುಭವವನ್ನೂ ದಾಖಲಿಸಿದರು. ಸ್ವಲ್ಪ ಪ್ರಮಾಣದಲ್ಲೇ ಇಷ್ಟು ಪರಿಣಾಮ ಎಂದು ಬರೆದಿಟ್ಟ ಆ ಕೆಲವು ಸಾಲುಗಳು ಮುಂದೆ ಬೇರೆಯವರ ಕೈಯಲ್ಲಿ ಬೇರೆಯದೇ ಹಾದಿ ಹಿಡಿದವು. ಹೊಸ ಕೀಟನಾಶಕ ಹುಡುಕುತ್ತಿದ್ದ ಗೆರ್ಹಾರ್ಡ್ ಶ್ರಾಡರ್ 1936ರ ಡಿಸೆಂಬರ್‌ನಲ್ಲಿ ಜರ್ಮನಿಯ ಲೆವರ್ಕುಸೆನ್‌ನಲ್ಲಿ ಟಬುನ್ ತಯಾರಿಸಿದರು, 1938ರಲ್ಲಿ ಸರಿನ್. ಟಬುನ್ ಆವಿ ತಗುಲಿ ಶ್ರಾಡರ್ ಮತ್ತು ಅವರ ಸಹಾಯಕ ಇಬ್ಬರೂ ವಾರಗಟ್ಟಲೆ ಕೆಲಸ ಬಿಟ್ಟಿರಬೇಕಾಯಿತು.

ಡಿಎಫ್‌ಪಿಯ ಅಧ್ಯಯನ ನಡೆದದ್ದು ಯುದ್ಧದ ಆಚೆ ಬದಿಯಲ್ಲಿ, ಕೇಂಬ್ರಿಜ್‌ನಲ್ಲಿ. ಎರಡನೇ ಮಹಾಯುದ್ಧದ ನಡುವೆ ಬರ್ನಾರ್ಡ್ ಸಾಂಡರ್ಸ್ ಮತ್ತು ಹ್ಯಾಮಿಲ್ಟನ್ ಮೆಕೊಂಬಿ ಗುಟ್ಟಾಗಿ ಈ ವರ್ಗದ ಸಂಯುಕ್ತಗಳನ್ನು ಪರೀಕ್ಷಿಸುತ್ತಿದ್ದರು. ಪರೀಕ್ಷೆಗೆ ಒಡ್ಡಿಕೊಂಡದ್ದು ತಮ್ಮನ್ನೇ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದ ಆವಿ ಬೆರೆಸಿದ ಕೋಣೆಗೆ ಹೊಕ್ಕು ಐದು ನಿಮಿಷ ಕೂತರು. ಒಳಗಿದ್ದಾಗ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಹೊರಗೆ ಬಂದ ಮೇಲೆ ಕಣ್ಣಪಾಪೆ ಕುಗ್ಗಿ ಚುಕ್ಕಿಯಾಯಿತು. ಆ ಸ್ಥಿತಿ ದಿನಗಟ್ಟಲೆ ಉಳಿಯಿತು. ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ ಅದು. ಆದರೆ ಡಿಎಫ್‌ಪಿಯ ಜೊತೆ ಕೆಲಸ ಮಾಡುವವರು ಇವತ್ತಿಗೂ ತಿಳಿದಿರಬೇಕಾದ ಮುಖ್ಯ ಸಂಗತಿ ಅದರಿಂದಲೇ ಸಿಕ್ಕಿತು: ವಿಷ ಒಳಗೆ ಹೋಗುವಾಗ ಗೊತ್ತಾಗುವುದಿಲ್ಲ, ಗೊತ್ತಾಗುವಾಗ ಒಳಗೆ ಹೋಗಿ ಆಗಿರುತ್ತದೆ. ಕೇಂಬ್ರಿಜ್‌ನವರೇ ಆದ ನೊಬೆಲ್ ಪುರಸ್ಕೃತ ಇ. ಡಿ. ಏಡ್ರಿಯನ್ ಮತ್ತು ಸಂಗಡಿಗರು ಇದರ ಹಿಂದಿರುವುದು ಕೋಲಿನೆಸ್ಟರೇಸ್ ಕಿಣ್ವದ ಸ್ತಂಭನ ಎಂದು ತೋರಿಸಿದರು. ಆ ವಿವರಗಳು ಅಚ್ಚಾದದ್ದು ಯುದ್ಧ ಮುಗಿದ ಮೇಲೆ.

ಕಣ್ಣಪಾಪೆ ಕುಗ್ಗಿಸುವ ವಸ್ತುವೆಂದರೆ ಕಣ್ಣಿನ ವೈದ್ಯರು ಸುಮ್ಮನಿರುವುದುಂಟೆ? 1946ರಲ್ಲೇ ಅಮೆರಿಕದ ಇರ್ವಿಂಗ್ ಲಿಯೊಪೋಲ್ಡ್ ಮತ್ತು ಜೂಲಿಯಸ್ ಕಾಮ್ರೋ ಗ್ಲಾಕೋಮಾ ರೋಗಿಗಳಿಗೆ ಇದನ್ನು ಹನಿಯಾಗಿ ಕೊಟ್ಟ ಫಲಿತಾಂಶ ಪ್ರಕಟಿಸಿದರು. ನೀರಿನಲ್ಲಿ ಕಲಸಿದರೆ ಡಿಎಫ್‌ಪಿ ನಿಧಾನವಾಗಿ ಕೆಡುತ್ತದೆ, ಹಾಗಾಗಿ ಹನಿಯನ್ನು ತಯಾರಿಸಿದ್ದು ಕಡಲೆಕಾಯಿ ಎಣ್ಣೆಯಲ್ಲಿ. ಐಸೊಫ್ಲುರೊಫೇಟ್ ಎಂಬ ಹೆಸರಿನಲ್ಲಿ ಅದು ದಶಕಗಟ್ಟಲೆ ಔಷಧಿ ಅಂಗಡಿಯಲ್ಲಿತ್ತು. ಮಕ್ಕಳ ಒಂದು ಬಗೆಯ ಮಾಲುಗಣ್ಣಿಗೂ ಕೊಡುತ್ತಿದ್ದರು. ಹುಬ್ಬುನೋವು, ಮಂಕು ದೃಷ್ಟಿ, ಪಾಪೆಯ ಅಂಚಿನಲ್ಲಿ ಗುಳ್ಳೆ ಮುಂತಾದ ತೊಂದರೆಗಳಿಂದಾಗಿ, ಒಳ್ಳೆಯ ಔಷಧಿಗಳು ಬಂದಂತೆ ಇದು ಹಿಂದೆ ಸರಿಯಿತು.

ಪ್ರಯೋಗಾಲಯದಲ್ಲಿ ಮಾತ್ರ ಅದರ ಸ್ಥಾನ ಗಟ್ಟಿಯಾಯಿತು. 1949ರಲ್ಲಿ ಯಾನ್ಸೆನ್, ಬಾಲ್ಸ್ ಮತ್ತಿತರರು ಕೈಮೊಟ್ರಿಪ್ಸಿನ್ ಎಂಬ ಜೀರ್ಣಕಿಣ್ವದ ಒಂದು ಅಣುವಿಗೆ ಡಿಎಫ್‌ಪಿಯ ಒಂದೇ ಅಣು ಅಂಟಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ ಎಂದು ತೋರಿಸಿದರು. ನೂರಾರು ಅಮೈನೊ ಆಮ್ಲಗಳ ಸರಪಳಿಯಲ್ಲಿ ಕೆಲಸ ಮಾಡುವುದು ಯಾವುದು ಎಂದು ಪತ್ತೆ ಹಚ್ಚುವ ದಾರಿ ಹಾಗೆ ತೆರೆಯಿತು. ಅದು 195ನೇ ಸ್ಥಾನದ ಸೆರೀನ್ ಎಂದು ಮುಂದೆ ಖಚಿತವಾಯಿತು. ವಿಕಿರಣಶೀಲ ರಂಜಕ ಸೇರಿಸಿದ ಡಿಎಫ್‌ಪಿಯಿಂದ ಬಿಳಿ ರಕ್ತಕಣಗಳಿಗೆ ಗುರುತು ಹಾಕಿ, ಅವು ರಕ್ತದಲ್ಲಿ ಎಷ್ಟು ಹೊತ್ತು ಸುತ್ತುತ್ತವೆ ಎಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ರಕ್ತತಜ್ಞರು ಅಳೆದರು. ಜೀವಕೋಶ ಒಡೆದು ಪ್ರೋಟೀನು ತೆಗೆಯುವಾಗ ಕೋಶದೊಳಗಿನ ಕಿಣ್ವಗಳು ಆ ಪ್ರೋಟೀನನ್ನೇ ತುಂಡರಿಸದಂತೆ ತಡೆಯಲು ಇಂದಿಗೂ ಇದನ್ನು ಬಳಸುವುದುಂಟು. ಕೊಲ್ಲಿ ಯುದ್ಧದಿಂದ ಮರಳಿದ ಸೈನಿಕರ ದೀರ್ಘಕಾಲದ ಅಸ್ವಸ್ಥತೆಯ ಮೂಲ ಹುಡುಕುವವರು ಸರಿನ್ ಬದಲಿಗೆ ಪ್ರಾಣಿಗಳಿಗೆ ಡಿಎಫ್‌ಪಿ ಕೊಟ್ಟು ನೋಡುತ್ತಾರೆ. ಉಪಯೋಗ ಮತ್ತು ವಿಷ ಎರಡಕ್ಕೂ ಕಾರಣ ಒಂದೇ ರಾಸಾಯನಿಕ ಗುಣ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಲು ಬರುವುದಿಲ್ಲ.

ಆವಿ ತಗುಲಿದವರಿಗೆ ಮೊದಲು ಕಾಣುವ ಲಕ್ಷಣ ವಿಚಿತ್ರ: ಕೋಣೆಯ ದೀಪ ಮಂದವಾಗಿದೆ ಎನಿಸುತ್ತದೆ. ದೀಪ ಸರಿಯಾಗಿಯೇ ಇರುತ್ತದೆ, ಕುಗ್ಗಿರುವುದು ಪಾಪೆ. ಆಮೇಲೆ ಹಣೆಯಲ್ಲಿ ನೋವು, ಮೂಗು ಸೋರುವುದು, ಎದೆ ಬಿಗಿತ. ಪ್ರಮಾಣ ಹೆಚ್ಚಾದರೆ ಕಣ್ಣೀರು, ಜೊಲ್ಲು, ಬೆವರು, ವಾಂತಿ, ಭೇದಿ, ತಿಳಿಯದೆ ಆಗುವ ಮೂತ್ರ. ಚರ್ಮದ ಕೆಳಗೆ ಸ್ನಾಯುಗಳು ಅದುರುತ್ತವೆ, ಹುಳು ಹರಿದಾಡಿದ ಹಾಗೆ ಕಾಣುತ್ತದೆ. ಕೊನೆಗೆ ಅದುರುವುದೂ ನಿಂತು ಸ್ನಾಯುಗಳು ಸೋಲುತ್ತವೆ. ಸಾವು ಬರುವುದು ಸಾಮಾನ್ಯವಾಗಿ ಉಸಿರಾಟದಿಂದ: ಶ್ವಾಸನಾಳ ಬಿಗಿದು, ಅದರೊಳಗೆ ಸ್ರಾವ ತುಂಬಿ, ಉಸಿರಾಡಿಸುವ ಸ್ನಾಯು ಸೋತು, ಮಿದುಳಿನ ಉಸಿರಾಟ ಕೇಂದ್ರವೂ ಕೈಬಿಟ್ಟಾಗ.

ಡಿಎಫ್‌ಪಿಗೆ ಇನ್ನೊಂದು, ತಡವಾಗಿ ತೋರುವ ಮುಖವಿದೆ. 1930ರಲ್ಲಿ, ಪಾನನಿಷೇಧವಿದ್ದ ಅಮೆರಿಕದಲ್ಲಿ, ಶುಂಠಿಯ ಸಾರವೆಂದು ಮಾರುತ್ತಿದ್ದ ಮದ್ಯ ಕುಡಿದ ಸಾವಿರಾರು ಜನರ ಕಾಲುಗಳು ವಾರ ಎರಡು ವಾರ ಕಳೆದ ಮೇಲೆ ಸೋತವು. ಅದರಲ್ಲಿ ಬೆರಕೆಯಾಗಿದ್ದದ್ದು ಇನ್ನೊಂದು ಸಾವಯವ ರಂಜಕ ಸಂಯುಕ್ತ, ಟ್ರೈ-ಆರ್ಥೊ-ಕ್ರೆಸಿಲ್ ಫಾಸ್ಫೇಟ್. 1959ರಲ್ಲಿ ಮೊರಾಕೊದ ಮೆಕ್ನೆಸ್‌ನಲ್ಲಿ ಅಡುಗೆ ಎಣ್ಣೆಗೆ ವಿಮಾನದ ಎಂಜಿನ್ ಎಣ್ಣೆ ಬೆರೆಸಿದ್ದರಿಂದ ಸುಮಾರು 10,000 ಜನರಿಗೆ ಅದೇ ಗತಿಯಾಯಿತು. ಡಿಎಫ್‌ಪಿಯೂ ಇದನ್ನೇ ಮಾಡಬಲ್ಲದು. ಇದರ ಸಂಶೋಧನೆಯಲ್ಲಿ ಇಲಿಗಿಂತ ಹೇಟೆ ಕೋಳಿಯೇ ಹೆಚ್ಚು ಉಪಯೋಗಿ. ಅಟ್ರೋಪಿನ್ ಕೊಟ್ಟು ತಕ್ಷಣದ ವಿಷದಿಂದ ಬದುಕಿಸಿದ ಕೋಳಿ ಆರಾಮಾಗಿ ಕಾಳು ಹೆಕ್ಕುತ್ತಿರುತ್ತದೆ. ಹತ್ತು ಹದಿನೈದು ದಿನಗಳಲ್ಲಿ ತೂರಾಡಲು ತೊಡಗುತ್ತದೆ. ಇಲ್ಲಿ ಪೆಟ್ಟು ತಿನ್ನುವುದು ಕೋಲಿನೆಸ್ಟರೇಸ್ ಅಲ್ಲ, ನರದೊಳಗಿನ ಬೇರೆಯೇ ಒಂದು ಕಿಣ್ವ. ಡಿಎಫ್‌ಪಿಯನ್ನೇ ಸಾಧನವಾಗಿಟ್ಟುಕೊಂಡು ಮಾರ್ಟಿನ್ ಜಾನ್ಸನ್ 1969ರಲ್ಲಿ ಅದನ್ನು ಪತ್ತೆ ಮಾಡಿದರು. ಆದ್ದರಿಂದ ತಗುಲಿದ ದಿನ ಚೇತರಿಸಿಕೊಂಡವರನ್ನೂ ವಾರಗಟ್ಟಲೆ ಗಮನಿಸುತ್ತಿರಬೇಕು.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಭಾರತದ ವೈದ್ಯರಿಗೆ ಹೊಸದಾಗಿ ಹೇಳಿಕೊಡಬೇಕಾದದ್ದು ಹೆಚ್ಚಿಲ್ಲ. ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ‘ಔಷಧಿ ಕುಡಿದ ಕೇಸು’ ಹೊಸದಲ್ಲ, ಕುಡಿದದ್ದು ಎಷ್ಟೋ ಸಲ ಇದೇ ಕುಟುಂಬದ ಕೀಟನಾಶಕವಾಗಿರುತ್ತದೆ. ಬಟ್ಟೆ ಕಳಚಿ ಮೈ ತೊಳೆಯಬೇಕು, ಉಸಿರಾಟ ಕಾಪಾಡಬೇಕು, ಅಟ್ರೋಪಿನ್ ಕೊಡಬೇಕು. ಮೊದಲು 1.8ರಿಂದ 3 ಮಿಲಿಗ್ರಾಂ, ಸಾಲದಿದ್ದರೆ ಐದೈದು ನಿಮಿಷಕ್ಕೊಮ್ಮೆ ಇಮ್ಮಡಿ. ನಮ್ಮಲ್ಲಿ ಸಿಗುವ ಸಾಮಾನ್ಯ ಆಂಪ್ಯೂಲಿನಲ್ಲಿ ಇರುವುದು 0.6 ಮಿಲಿಗ್ರಾಂ. ಹಾಗಾಗಿ ಒಂದು ಗಂಭೀರ ಪ್ರಕರಣ ಬಂದ ರಾತ್ರಿ ದಾದಿಯರು ಟ್ರೇ ಮುಂದಿಟ್ಟುಕೊಂಡು ಒಂದರ ಹಿಂದೆ ಒಂದು ಗಾಜಿನ ಕತ್ತು ಮುರಿಯುತ್ತಲೇ ಇರಬೇಕಾಗುತ್ತದೆ. ಎಲ್ಲಿಯವರೆಗೆ ಎಂದರೆ ಎದೆಗೆ ಸ್ಟೆತೊಸ್ಕೋಪ್ ಇಟ್ಟಾಗ ಗೊರಗೊರ ಸದ್ದು ಹೋಗಿ ಶ್ವಾಸಕೋಶ ಒಣಗುವವರೆಗೆ. ಪಾಪೆಯ ಅಳತೆಯೊಂದನ್ನೇ ನಂಬಿ ನಿಲ್ಲಿಸುವಂತಿಲ್ಲ. ಹೆಚ್ಚಾದರೂ ಕಷ್ಟವೇ: ರೋಗಿಗೆ ಜ್ವರ ಏರುತ್ತದೆ, ಬಡಬಡಿಸುತ್ತಾನೆ, ಹಾಸಿಗೆಯ ಬಟ್ಟೆ ಕೀಳುತ್ತಾನೆ.

ಅಟ್ರೋಪಿನ್ ಸ್ರಾವವನ್ನು ತಡೆಯುತ್ತದೆ. ಕಿಣ್ವವನ್ನು ಬಿಡಿಸುವುದಿಲ್ಲ, ಸೋತ ಸ್ನಾಯುವನ್ನು ಎಬ್ಬಿಸುವುದಿಲ್ಲ. ಆ ಕೆಲಸಕ್ಕೆಂದು ಕೊಲಂಬಿಯಾ ವಿಶ್ವವಿದ್ಯಾಲಯದ ಅರ್ವಿನ್ ವಿಲ್ಸನ್ ಮತ್ತು ಸಾರಾ ಗಿನ್ಸ್‌ಬರ್ಗ್ 1955ರಲ್ಲಿ ಪ್ರಾಲಿಡಾಕ್ಸಿಮ್ ಎಂಬ ಮದ್ದನ್ನು ರೂಪಿಸಿದರು. ವಾರ್ಡಿನಲ್ಲಿ ಅದು ಬರೀ ‘ಪ್ಯಾಮ್’. ಅದಕ್ಕೊಂದು ಕಾಲಮಿತಿ ಇದೆ. ಕಿಣ್ವಕ್ಕೆ ಅಂಟಿದ ರಂಜಕದ ಗುಂಪು ಹೊತ್ತು ಕಳೆದಂತೆ ತನ್ನ ಒಂದು ಐಸೊಪ್ರೊಪಿಲ್ ಭಾಗವನ್ನು ಕಳಚಿಕೊಂಡು ಗಟ್ಟಿಯಾಗುತ್ತದೆ. ಹಸಿ ಸಿಮೆಂಟನ್ನು ಕೆರೆದು ತೆಗೆಯಬಹುದು, ಸೆಟ್ಟಾದ ಮೇಲೆ ಆಗುವುದಿಲ್ಲ, ಇದೂ ಹಾಗೆಯೇ. ಡಿಎಫ್‌ಪಿಯಲ್ಲಿ ಈ ಬದಲಾವಣೆಗೆ ಕೆಲವು ಗಂಟೆ ಸಾಕು. ಆಮೇಲೆ ಮೈ ಹೊಸ ಕಿಣ್ವವನ್ನೇ ತಯಾರಿಸಿಕೊಳ್ಳಬೇಕು, ಅದು ವಾರಗಳ ಕೆಲಸ. ಕೀಟನಾಶಕ ಕುಡಿದವರಲ್ಲಿ ಪ್ಯಾಮ್‌ನ ಪ್ರಯೋಜನದ ಬಗ್ಗೆ ವಾದ ಮುಗಿದಿಲ್ಲ: ಮಹಾರಾಷ್ಟ್ರದ ಬಾರಾಮತಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಲಾಭವಿದೆ ಎಂದಿತು, 2009ರ ಶ್ರೀಲಂಕಾ ಅಧ್ಯಯನಕ್ಕೆ ಅದು ಕಾಣಲಿಲ್ಲ.

ನಡುಗಾಲದ ಅಪಾಯವೊಂದನ್ನು ಗುರುತಿಸಿದ ಕೀರ್ತಿಯೂ ನಮ್ಮ ಕಡೆಯದೇ. ಮೊದಲ ದಿನದ ಲಕ್ಷಣಗಳು ಇಳಿದು, ಇನ್ನೇನು ಮನೆಗೆ ಕಳಿಸಬಹುದು ಎನ್ನುವಾಗ, ಎರಡು ಮೂರು ದಿನಗಳಲ್ಲಿ ರೋಗಿಯ ಕತ್ತು ಮತ್ತು ಉಸಿರಾಟದ ಸ್ನಾಯುಗಳು ಸೋಲುತ್ತವೆ. 1974ರಲ್ಲಿ ಪುಣೆಯ ವಾಡಿಯಾ ಮತ್ತು ಸಂಗಡಿಗರು ಇದನ್ನು ವಿವರಿಸಿದರು. 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಲ್ಲಿಯೆಡ್ಡೆ ಅದಕ್ಕೆ ಇಂದಿನ ಹೆಸರು ಕೊಟ್ಟರು. ಪರೀಕ್ಷೆ ಸುಲಭ, ಯಂತ್ರ ಬೇಡ. ರೌಂಡ್ಸಿಗೆ ಬಂದ ವೈದ್ಯರು ‘ದಿಂಬಿನಿಂದ ತಲೆ ಎತ್ತಿ ನೋಡೋಣ’ ಎನ್ನುತ್ತಾರೆ. ಎತ್ತಲಾಗದಿದ್ದರೆ ವೆಂಟಿಲೇಟರ್ ಹತ್ತಿರ ಇರಬೇಕು.

ಪ್ರಯೋಗಾಲಯದ ಒಂದು ಗ್ರಾಂಗೆ ಇಷ್ಟು ಮರ್ಯಾದೆ ಕೊಡುವ ನಾವು ಅದರ ಸಂಬಂಧಿಕರನ್ನು ಲೀಟರುಗಟ್ಟಲೆ ಮನೆಯ ಅಟ್ಟದ ಮೇಲೆ ಇಡುತ್ತೇವೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋಕಿದ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. 1968ರ ಕೀಟನಾಶಕ ಕಾಯ್ದೆಯ ಹಿಂದೆ ಆ ದುರಂತವಿದೆ. 2013ರ ಜುಲೈನಲ್ಲಿ ಬಿಹಾರದ ಗಂಡಾಮನ್ ಶಾಲೆಯ ಬಿಸಿಯೂಟದಲ್ಲಿ ಮೊನೊಕ್ರೋಟೊಫಾಸ್ ಸೇರಿ 23 ಮಕ್ಕಳು ತೀರಿಕೊಂಡರು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದ 17 ಮಂದಿಯ ಜೀವ ತೆಗೆದದ್ದೂ ಇದೇ ವರ್ಗದ ಕೀಟನಾಶಕ. ಬಟ್ಟಲಿನಲ್ಲಿ ಅಳೆದು, ಬರಿಗೈಯಲ್ಲಿ ಕಲಸಿ, ಗಾಳಿಗೆ ಎದುರಾಗಿ ನಿಂತು ಔಷಧಿ ಹೊಡೆಯುವ ರೈತನ ರಕ್ತದ ಕೋಲಿನೆಸ್ಟರೇಸ್ ಅನ್ನು ಯಾರೂ ಅಳೆಯುವುದಿಲ್ಲ.

ಅಳೆಯುವ ಕಡೆ ಹೇಗೆ ಅಳೆಯುತ್ತಾರೆ, ಹೇಗೆ ಕೆಲಸ ಮಾಡುತ್ತಾರೆ ಎಂಬುದಕ್ಕೆ ಒಳ್ಳೆಯ ಪ್ರಯೋಗಾಲಯದ ಪದ್ಧತಿಯೇ ಮಾದರಿ. ಅಲ್ಲಿ ಎಚ್ಚರ ಶುರುವಾಗುವುದು ಸೀಸೆ ಬರುವ ಮುಂಚೆ. ಕೆಲಸದ ಕ್ರಮವನ್ನು ಬರೆದು ಸುರಕ್ಷಾ ಸಮಿತಿಯಿಂದ ಒಪ್ಪಿಗೆ ಪಡೆಯುತ್ತಾರೆ. ಕೆಲಸ ಮಾಡುವವರ ಕೆಂಪು ರಕ್ತಕಣ ಮತ್ತು ಪ್ಲಾಸ್ಮಾ ಕೋಲಿನೆಸ್ಟರೇಸ್ ಮಟ್ಟವನ್ನು ಮೊದಲೇ ಪರೀಕ್ಷಿಸಿ ಇಟ್ಟುಕೊಳ್ಳುತ್ತಾರೆ. ಈ ಮಟ್ಟ ಒಬ್ಬರಿಂದ ಒಬ್ಬರಿಗೆ ತುಂಬ ವ್ಯತ್ಯಾಸವಾಗುವುದರಿಂದ, ಹಳೆಯ ಅಂಕಿ ಇಲ್ಲದೆ ಮುಂದಿನ ಅಂಕಿಗೆ ಅರ್ಥವಿಲ್ಲ. ಹತ್ತಿರದ ಆಸ್ಪತ್ರೆಗೆ ವಿಷಯ ತಿಳಿಸಿ, ಅಟ್ರೋಪಿನ್ ಮತ್ತು ಪ್ಯಾಮ್ ದಾಸ್ತಾನು ಇದೆಯೇ ಎಂದು ಕೇಳುತ್ತಾರೆ.

ಅತಿ ಅಪಾಯದ ಗಳಿಗೆ ಸೀಸೆ ತೆರೆದು ಶುದ್ಧ ದ್ರವವನ್ನು ತೆಳುವು ಮಾಡುವಾಗಿನದು. ಒಂದು ಮಿಲಿಲೀಟರ್ ಶುದ್ಧ ಡಿಎಫ್‌ಪಿ ಐದು ಲೀಟರಿಗೂ ಹೆಚ್ಚು ಮಿಲಿಮೋಲಾರ್ ದ್ರಾವಣಕ್ಕೆ ಸಾಕು, ಎಂದರೆ ಸೀಸೆಯೊಳಗಿನದು ಅಷ್ಟು ಸಾಂದ್ರ. ಫ್ರೀಜರಿನಿಂದ ತೆಗೆದ ಸೀಸೆ ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯಬೇಕು. ತಣ್ಣನೆಯ ಸೀಸೆ ತೆರೆದರೆ ಗಾಳಿಯ ತೇವ ಒಳಗೆ ಇಳಿಯುತ್ತದೆ, ತೇವದಿಂದ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ, ಅದು ಗಾಜನ್ನೂ ತಿನ್ನುತ್ತದೆ. ಎಲ್ಲ ಕೆಲಸವೂ ಚೆನ್ನಾಗಿ ಗಾಳಿ ಎಳೆಯುವ ಫ್ಯೂಮ್ ಹುಡ್‌ನೊಳಗೆ, ಗಾಜಿನ ಪರದೆ ಕೆಳಗಿಳಿಸಿಕೊಂಡು. ರಬ್ಬರ್ ಮುಚ್ಚಳದ ಮೂಲಕ ಸಿರಿಂಜಿನಿಂದ ದ್ರವ ತೆಗೆದು, ಒಣ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಬೆರೆಸುತ್ತಾರೆ. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬಾರದು. ಬೆರಳಿಗೆ ಚುಚ್ಚುವುದು ಆಗಲೇ. ತೆಳ್ಳನೆಯ ನೈಟ್ರೈಲ್ ಕೈಗವಸು ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ; ಎರಡು ಜೊತೆ ಹಾಕಿ, ಹನಿ ಬಿದ್ದ ತಕ್ಷಣ ಬದಲಿಸಬೇಕು. ಒಬ್ಬರೇ ಇರುವಾಗ, ಅದರಲ್ಲೂ ರಜೆಯ ದಿನವೋ ರಾತ್ರಿಯೋ, ಈ ಸೀಸೆ ಮುಟ್ಟುವ ಹಾಗೇ ಇಲ್ಲ. ಪಕ್ಕದಲ್ಲಿರುವವರು ಸುಮ್ಮನೆ ಜೊತೆಗಾರರಾಗಿದ್ದರೆ ಸಾಲದು, ಪಾಪೆ ಕುಗ್ಗಿದರೆ ಏನರ್ಥ ಎಂದು ಅವರಿಗೆ ಗೊತ್ತಿರಬೇಕು.

ಹುಡ್‌ನೊಳಗೆ ಮೊದಲೇ ಇಟ್ಟುಕೊಳ್ಳುವ ಇನ್ನೊಂದು ಪಾತ್ರೆ ಕಾಸ್ಟಿಕ್ ಸೋಡಾ ದ್ರಾವಣದ್ದು. ಬರೀ ನೀರಿನಲ್ಲಿ ನಿಧಾನವಾಗಿ ಒಡೆಯುವ ಡಿಎಫ್‌ಪಿ ಕ್ಷಾರದಲ್ಲಿ ಬೇಗ ಒಡೆದು, ಕಿಣ್ವಕ್ಕೆ ಅಂಟಲಾರದ ಫಾಸ್ಫೇಟ್ ಮತ್ತು ಫ್ಲೋರೈಡ್ ಆಗುತ್ತದೆ. ಸಿರಿಂಜು, ಪಿಪೆಟ್ ತುದಿ, ಕೈಗವಸು, ಕಾಗದ, ಅದಕ್ಕೆ ಸೋಕಿದ್ದೆಲ್ಲ ಒಂದು ಇಡೀ ದಿನ ಆ ದ್ರಾವಣದಲ್ಲಿ ಮುಳುಗಿರಬೇಕು. ಹುಡ್‌ನ ಹೊರಗೆ ಚೆಲ್ಲಿದರೆ ಒರೆಸಲು ಧಾವಿಸದೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಬೇಕು. ಮೈಮೇಲೆ ಬಿದ್ದರೆ ಕಾಸ್ಟಿಕ್ ಅಲ್ಲ, ಸೋಪು ಮತ್ತು ಧಾರಾಳ ನೀರು. ಬಟ್ಟೆ ಕಳಚಲು ಸಂಕೋಚಪಡುವ ಹೊತ್ತಲ್ಲ ಅದು. ನೆರವಿಗೆ ಬಂದವರು ಬರಿಗೈಯಲ್ಲಿ ಆ ಬಟ್ಟೆ ಮುಟ್ಟಿ ಎರಡನೆಯ ರೋಗಿಯಾಗಬಾರದು.

ಇಷ್ಟೆಲ್ಲ ಏರ್ಪಾಡು ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆ, ಡಿಎಫ್‌ಪಿಯೇ ಬೇಕೇ ಎಂಬುದು. 1963ರಲ್ಲಿ ಫಾರ್ನಿ ಮತ್ತು ಗೋಲ್ಡ್ ಪಿಎಂಎಸ್‌ಎಫ್ ಎಂಬ ಗಂಧಕದ ಸಂಯುಕ್ತ ಇದೇ ಕೆಲಸ ಮಾಡಬಲ್ಲದು ಎಂದು ತೋರಿಸಿದರು. ಅದೂ ವಿಷವೇ, ಆದರೆ ಪುಡಿ; ಇದರಂತೆ ಗಾಳಿಗೆ ಏರುವುದಿಲ್ಲ. ಅದರ ದೋಷವೆಂದರೆ ನೀರಿನಲ್ಲಿ ಬೇಗ ಕೆಡುತ್ತದೆ. ನೀರಿನಲ್ಲಿ ಕರಗಿ ಹೆಚ್ಚು ಹೊತ್ತು ಬಾಳುವ ಎಇಬಿಎಸ್‌ಎಫ್ ಆಮೇಲೆ ಬಂತು. ಪ್ರೋಟೀನು ಕಾಪಾಡುವ ದಿನನಿತ್ಯದ ಕೆಲಸಕ್ಕೆ ಇವು ಧಾರಾಳ ಸಾಕು. ಪ್ರೋಟಿಯೇಸ್ ಕಿಣ್ವಗಳಿಂದ ತುಂಬಿ ತುಳುಕುವ ಬಿಳಿ ರಕ್ತಕಣಗಳಂಥ ಕೆಲವು ಕಡೆ ಮಾತ್ರ ಡಿಎಫ್‌ಪಿಗೆ ಇನ್ನೂ ಬೇಡಿಕೆ ಉಳಿದಿದೆ. ಹಳೆಯ ಪ್ರಬಂಧದಲ್ಲಿ ಬರೆದಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ತರಿಸುವುದು ಸೋಮಾರಿತನ.

ಕೊನೆಯ ತಾಪತ್ರಯ ಹಳೆಯ ಸೀಸೆಗಳದು. ನಿವೃತ್ತರಾದ ಪ್ರಾಧ್ಯಾಪಕರ ಫ್ರೀಜರಿನ ತಳದಲ್ಲಿ, ಮಂಜು ಕಟ್ಟಿದ ಡಬ್ಬಿಯೊಳಗೆ, ಅರ್ಧ ಅಳಿಸಿದ ಚೀಟಿಯೊಂದಿಗೆ ಇಂಥವು ಸಿಗುತ್ತವೆ. ವರ್ಷಗಟ್ಟಲೆ ಒಳಗಿಳಿದ ತೇವದಿಂದ ಆಮ್ಲ ಹುಟ್ಟಿ ಮುಚ್ಚಳ ದುರ್ಬಲವಾಗಿರಬಹುದು, ಒಳಗೆ ಒತ್ತಡವೂ ಇರಬಹುದು. ಏನಿದೆ ನೋಡೋಣ ಎಂದು ಅದನ್ನು ತೆರೆಯಬಾರದು, ಸಿಂಕಿಗೆ ಸುರಿಯಲೂ ಬಾರದು. ಹೊರಗಿನ ಡಬ್ಬಿಯ ಸಮೇತ ಹುಡ್‌ನೊಳಗಿಟ್ಟು, ಮೇಲೆ ಎದ್ದು ಕಾಣುವಂತೆ ಹೆಸರು ಬರೆದು, ಸಂಸ್ಥೆಯ ಸುರಕ್ಷಾ ಅಧಿಕಾರಿಯ ಮೂಲಕ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡುವ ಪರವಾನಗಿ ಉಳ್ಳವರಿಗೆ ಒಪ್ಪಿಸಬೇಕು.